ಹದಿಮೂರನೆಯ ಹೂವಿನಮ್ಮ

ಪೆರೀನ್ ಹಿಟ್ಟಿನ ಪೆಟ್ಟಿಗೆಯೊಳಕ್ಕೆ ಮೊಣಕೈವರೆಗೂ ಕೈ ಇಳಿಸಿದ್ದಳು.

“ತಳ ಕೆರೀಬೇಡ ಕಣೇ,” ಎಂದಳು ಗಿಯಮೆತ್. ಹೆಂಡದಂಗಡಿಯ ಒಡತಿ ಅವಳು, ಎರಡೂ ಕೈ ಸೊಂಟದ ಮೇಲೆ. “ಹಡಗು ಬರೋಕೆ ಇನ್ನೂ ಹತ್ತು ವಾರ ಇದೆ. ಈಗಲೇ ತಳದ ಸದ್ದು ಕೇಳಿದ್ರೆ ನನ್ನೆದೆ ಒಡೆದು ಹೋಗುತ್ತೆ.”

“ಇದಾಳಾ ಇಲ್ವಾ ಹೇಳೇ ಅಂದ್ರೆ ನೀನೇ ನೋಡ್ಕೋ ಅಂದೆ.”

“ಅಂದೆ. ನನ್ನ ಮಾತು ಯಾರು ನಂಬ್ತಾರೆ ಈಗ? ಮೊಹರು ಒತ್ತಿರೋ ಇಸ್ಪೀಟ್ ಎಲೇನೇ ನಂಬಲ್ಲ ಜನ. ನನ್ನ ನಾಲಗೆ ಮೇಲೆ ಮೊಹರಿದೆಯಾ?”

ಬೆರಳಿಗೆ ದಪ್ಪನೆಯ ಅಂಚೊಂದು ತಗುಲಿತು. ಪೆರೀನ್ ಮೆಲ್ಲಗೆ ಎಳೆದಳು. ಹಿಟ್ಟು ಜಾರಿದಂತೆ ಕೆಂಪು ನಿಲುವಂಗಿ, ಹಳದಿ ಕಿರೀಟ, ಕೈಯಲ್ಲೊಂದು ಪುಟ್ಟ ಹೂವು. ಆಟಿನ್ ರಾಣಿ. ಬೆನ್ನ ಮೇಲೆ ಕಪ್ತಾನ ಲಾಮೋತನ ರುಜು, ಅದರ ಕೆಳಗೆ ಖಜಾನೆ ಗುಮಾಸ್ತನ ರುಜು, ಮೂಲೆಯಲ್ಲಿ ಅರಗಿನ ಮೊಹರು.

“ಹನ್ನೆರಡು,” ಎಂದಳು ಪೆರೀನ್.

ಹೋದ ಶರತ್ಕಾಲದಲ್ಲಿ ಫ್ರಾನ್ಸಿನಿಂದ ರಾಜನ ಬೆಳ್ಳಿ ಹೊತ್ತ ಹಡಗು ಬರಲಿಲ್ಲ. ನದಿ ಹೆಪ್ಪುಗಟ್ಟಿತು. ಸಂಬಳವಿಲ್ಲದ ಸಿಪಾಯಿಗಳು ಗುರುಗುಟ್ಟತೊಡಗಿದಾಗ ತೋಳಮೊನೆ ಕೋಟೆಯಲ್ಲಿ ಡಂಗುರ ಹೊಡೆಸಿ ಮನೆಮನೆಯ ಇಸ್ಪೀಟ್ ಕಟ್ಟುಗಳನ್ನೆಲ್ಲ ಕಿತ್ತುಕೊಂಡರು. ರುಜು ಹಾಕಿ ಮೊಹರೊತ್ತಿದ ಮೇಲೆ ಆ ಎಲೆಗಳೇ ದುಡ್ಡು. ಇಡೀ ಎಲೆಗೆ ನಾಲ್ಕು ಲಿವ್ರ್, ಅರ್ಧಕ್ಕೆ ಎರಡು, ಇನ್ನೂ ಕತ್ತರಿಸಿದರೆ ಚಿಲ್ಲರೆ. ಹಡಗು ಬಂದ ದಿನ ಎಲೆ ಕೊಟ್ಟವರಿಗೆ ಬೆಳ್ಳಿ ಕೊಡುತ್ತೇವೆ ಎಂದು ಕಪ್ತಾನ ಚರ್ಚಿನ ಮೆಟ್ಟಿಲ ಮೇಲೆ ನಿಂತು ಆಣೆ ಮಾಡಿದ.

ಗಂಡಸರು ಎಲೆಯನ್ನು ಎಲೆಯೆಂದೇ ಖರ್ಚು ಮಾಡಿದರು. ಹೆಂಗಸರು ಮಾತ್ರ ಅದರಲ್ಲೊಬ್ಬಳನ್ನು ಆರಿಸಿಕೊಂಡರು. ಕೈಯಲ್ಲಿ ಹೂ ಹಿಡಿದ ಆಟಿನ್ ರಾಣಿ, ಅವರ ಬಾಯಲ್ಲಿ ಹೂವಿನಮ್ಮ. ಅವಳನ್ನು ಹಿಟ್ಟಿನ ಪೆಟ್ಟಿಗೆಯ ತಳದಲ್ಲಿ ಮಲಗಿಸಿದರೆ ಹಡಗು ಬರುವವರೆಗೂ ಹಿಟ್ಟು ಮುಗಿಯದಂತೆ ಕಾಯುತ್ತಾಳೆ. ಯಾರು ಮೊದಲು ಹೇಳಿದರೋ ತಿಳಿಯದು. ಹೂವಿನಮ್ಮನನ್ನು ಪಡೆಯಲು ಒಬ್ಬಳು ಬೆಳ್ಳಿಯ ಗುಂಡಿಗಳನ್ನೇ ಕೊಟ್ಟಿದ್ದಳು. ಒಮ್ಮೆ ಪೆಟ್ಟಿಗೆಗೆ ಇಳಿದ ಮೇಲೆ ಅವಳನ್ನು ಮತ್ತೆ ಪೇಟೆಗೆ ತರುವವರಿಲ್ಲ. ಮನೆ ದೇವರನ್ನು ಯಾರಾದರೂ ಸಂತೆಗೆ ಒಯ್ಯುತ್ತಾರೆಯೇ?

ಚರ್ಚಿನ ಬಾಗಿಲಿಗೆ ಗುಮಾಸ್ತ ಮೊಳೆ ಹೊಡೆದು ಹಾಕಿದ್ದ ಪಟ್ಟಿಯಲ್ಲಿ ಹನ್ನೆರಡು ಕಟ್ಟುಗಳೆಂದಿತ್ತು. ಹನ್ನೆರಡು ಕಟ್ಟಿಗೆ ಹನ್ನೆರಡು ಹೂವಿನಮ್ಮ. ಎರಡು ದಿನಗಳಿಂದ ಪೆರೀನ್ ಮನೆಯಿಂದ ಮನೆಗೆ ಅಲೆದು ಒಂದೊಂದೇ ಪೆಟ್ಟಿಗೆಗೆ ಕೈ ಹಾಕಿದ್ದಳು. ಊರಿಗೆಲ್ಲ ರೊಟ್ಟಿ ಸುಡುವವಳು ಅವಳು, ಹಿಟ್ಟಿಗೆ ಕೈ ಹಾಕಲು ಅವಳಿಗೆ ಬೇಡವೆನ್ನುವವರಿರಲಿಲ್ಲ. ಇವತ್ತು ಹನ್ನೆರಡನೆಯವಳೂ ಸಿಕ್ಕಳು.

ಹಾಗಾದರೆ ಕಪ್ತಾನನ ಮೇಜಿನ ಮೇಲೆ ಮಲಗಿರುವ ಹೂವಿನಮ್ಮ ಯಾರು?

ಆ ಎಲೆ ಅವಳ ತಮ್ಮ ಅನ್ಸೆಲ್ಮನ ಜೇಬಿನಲ್ಲಿ ಸಿಕ್ಕಿತ್ತು. ಅದರ ಮೇಲಿದ್ದ ಕಪ್ತಾನನ ರುಜು ಖೋಟಾ. ಶನಿವಾರ ಬೆಳಿಗ್ಗೆ ಅವನಿಗೆ ನೇಣು. ಇವತ್ತು ಗುರುವಾರ.

“ಕುಡಿ ಇದನ್ನ,” ಗಿಯಮೆತ್ ಬಟಾಣಿ ಸಾರಿನ ಬಟ್ಟಲು ಚಾಚಿದಳು. “ಮುಖ ನೋಡು, ನಿನ್ನ ಹಿಟ್ಟಿಗಿಂತ ಬೆಳ್ಳಗಾಗಿದೆ. ಏನಂತಾನೆ ನಿನ್ನ ತಮ್ಮ?”

“ಹಿಮದಲ್ಲಿ ಬಿದ್ದಿತ್ತು, ಎತ್ಕೊಂಡೆ ಅಂತಾನೆ.”

“ಸುಳ್ಳು.”

“ಸುಳ್ಳೇ. ನಾನು ಜ್ವರದಲ್ಲಿ ಮಲಗಿದ್ದ ದಿನ ಅವನೇ ಅಂಗಡೀಲಿ ಕೂತಿದ್ದ. ಸೌದೆ ಒಡೆದ ಕೂಲಿ ಅಂತ ದುಡ್ಡಿನ ಪೆಟ್ಟಿಗೆಯಿಂದ ಅವನೇ ಎತ್ಕೊಂಡಿದ್ದು. ಹಂಗಂತ ಹೇಳಿದ್ರೆ ನೇಣು ನನ್ನ ಕುತ್ತಿಗೆಗೆ ಬರುತ್ತೆ ಅಂತ ಬಾಯಿ ಬಿಡ್ತಿಲ್ಲ, ಪೆದ್ದ.”

ಗಿಯಮೆತ್ ಬಟ್ಟಲಲ್ಲಿ ಚಮಚ ಆಡಿಸಿದಳು. “ರೊಟ್ಟಿಗೆ ಹೂವಿನಮ್ಮನ್ನ ಕೊಟ್ಟಿದಾನೆ ಯಾವನೋ. ಹೆಂಗಸಂತೂ ಅಲ್ಲ ಬಿಡು. ಮನೇಲಿ ಹೆಂಗಸಿರೋನೂ ಅಲ್ಲ. ಇದ್ದಿದ್ರೆ ಅವಳು ಅವನ ಕೈ ಮುರೀತಿದ್ಲು.”

ಪೆರೀನ್ ತಲೆಯೆತ್ತಿದಳು. ಎರಡು ದಿನದಿಂದ ತನಗೆ ಹೊಳೆಯದಿದ್ದದ್ದು ಸಾರು ಕಲಸುತ್ತ ಇವಳಿಗೆ ಹೊಳೆದಿತ್ತು.

“ಗಿಯಮೆತ್, ಡಂಗುರದ ದಿನ ನೀನು ಎಷ್ಟು ಕಟ್ಟು ಕೊಟ್ಟೆ? ಪಟ್ಟಿಯಲ್ಲಿ ನಿನ್ನ ಹೆಸರಿನ ಮುಂದೆ ನಾಲ್ಕು ಅಂತಿದೆ.”

“ನಾಲ್ಕಾ? ಯಾವ ಗೂಬೆ ಬರೆದಿದ್ದು? ಐದು ಕೊಟ್ಟೆ! ಐದು ಮೇಜು, ಐದು ಕಟ್ಟು. ಓದೋಕೆ ಬರ್ತಿದ್ರೆ ಅವತ್ತೇ ಜಗಳ ಆಡ್ತಿದ್ದೆ.”

“ಆಣೆ ಮಾಡ್ತೀಯಾ?”

“ನನ್ನ ಸತ್ತ ಗಂಡನ ಮೇಲೆ. ಬದುಕಿದ್ದಾಗ ಅವನ ಮೇಲೆ ಆಣೆ ಮಾಡೋ ಹಂಗಿರ್ಲಿಲ್ಲ, ಈಗ ಪರವಾಗಿಲ್ಲ.”

*

ಹೊರಗೆ ಮಧ್ಯಾಹ್ನವಾಗಿದ್ದರೂ ಬೆಳಕು ಹಾಲು ಒಡೆದಂತಿತ್ತು. ನೆಟ್ಟಗಿನ ಮರದ ದಿಮ್ಮಿಗಳ ಬೇಲಿ ಊರನ್ನು ಸುತ್ತುವರಿದು ನಿಂತಿತ್ತು. ಅದರಾಚೆ ನದಿಯಿರಲಿಲ್ಲ, ಬರೀ ಬಿಳುಪಿತ್ತು. ಖೋಟಾ ಎಲೆ ಸಿಕ್ಕಿದ ದಿನದಿಂದ ಕೋಟೆಯ ಬಾಗಿಲು ಮುಚ್ಚಿ ಅಗುಳಿ ಹಾಕಿದ್ದರು. ತೆಗೆದಿದ್ದರೂ ಹೋಗುವುದೆಲ್ಲಿಗೆ?

ವರ್ತಕನ ಅಂಗಡಿಯ ಮುಂದೆ ಹತ್ತಾರು ಜನ ಎಲೆ ಹಿಡಿದು ನಿಂತಿದ್ದರು. ಉಪ್ಪು ಹಾಕಿದ ಹಾವುಮೀನಿನ ಪೀಪಾಯಿಯ ಮೇಲೆ ವರ್ತಕ ಕಾಲು ಚಾಚಿ ಕೂತಿದ್ದ.

“ಬೆಳ್ಳಿ ಇದ್ರೆ ತನ್ನಿ, ತೊಗಲು ಇದ್ರೆ ತನ್ನಿ. ಎಲೆ ಬೇಡ. ಎಲೆ ತಿನ್ನೋಕೆ ನಾನೇನು ಮೇಕೆನಾ?”

“ನಿನ್ನೆ ತಗೊಂಡ್ಯಲ್ಲೋ!”

“ನಿನ್ನೆ ನಾನೂ ಮೇಕೆ ಆಗಿದ್ದೆ.”

ಯಾರೂ ನಗಲಿಲ್ಲ. ಒಬ್ಬ ಮುದುಕಿ ತನ್ನ ಅರ್ಧ ಎಲೆಯನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದಳು. ನಿನ್ನೆಯವರೆಗೆ ಊಟವಾಗಿದ್ದದ್ದು ಇವತ್ತು ಮತ್ತೆ ಬರೀ ಕಳಾವರ್ ಏಳಾಗಿಬಿಟ್ಟಿತ್ತು.

ಕಪ್ತಾನ ಲಾಮೋತ್ ಪೆರೀನಳ ಮಾತನ್ನು ನಿಂತುಕೊಂಡೇ ಕೇಳಿದ. ಒಳ್ಳೆಯವನು ಎನ್ನಲಾಗದಿದ್ದರೂ ಕಿವಿಯಿದ್ದವನು.

“ಹದಿಮೂರನೇ ಕಟ್ಟು,” ಎಂದ ನಿಧಾನವಾಗಿ. “ಹೂವಿನಮ್ಮನ ಲೆಕ್ಕ ಸರಿಯಾಗೇ ಇದೆ. ಆದ್ರೆ ಹೆಂಡ ಮಾರೋಳ ಆಣೆ ಮೇಲೆ ಖಜಾನೆ ಗುಮಾಸ್ತನ್ನ ಕಳ್ಳ ಅನ್ನಲಾ? ನೋಡು ಪೆರೀನ್, ಎಲೆ ಅಂದ್ರೆ ನಂಬಿಕೆ. ಅದು ಸತ್ತು ಬಿದ್ದಿದೆ. ಶನಿವಾರ ಒಬ್ಬ ನೇಣಿಗೇರಿದ್ರೆ ಎದ್ದು ಕೂರುತ್ತೆ. ಇಲ್ದಿದ್ರೆ ನನ್ನ ಸಿಪಾಯಿಗಳು ಅಂಗಡಿ ಒಡೀತಾರೆ.”

“ಯಾರೋ ಒಬ್ಬ ಸಾಕಾ, ಕಪ್ತಾನರೇ? ತಪ್ಪು ಮಾಡಿದೋನೇ ಆಗ್ಬೇಕಾ?”

ಅವನು ಕಿಟಕಿಯ ಹಿಮ ಕೆರೆದ. “ಏನು ಮಾಡ್ಬೇಕಂತೀಯ?”

“ಗುಮಾಸ್ತರ ಹತ್ರ ನಾನು ಮಾತಾಡ್ತೀನಿ. ಅವರ ಎಲೆ ಕೋಣೆಯ ಪಕ್ಕದಲ್ಲೇ ಸಿಡಿಮದ್ದಿನ ಕೋಣೆ ಇದೆ. ನೀವು ಅಲ್ಲಿ ನಿಂತು ಕೇಳಿ.”

“ಅವನು ಬಾಯಿ ಬಿಡದಿದ್ರೆ?”

“ಬಿಡ್ತಾರೆ,” ಎಂದಳು ಪೆರೀನ್.

*

ಗುಮಾಸ್ತ ಕ್ಲೋವಿಸ್ ತರ್ದಿಫ್ ಎರಡು ವರ್ಷದ ಹಿಂದೆ ಫ್ರಾನ್ಸಿನಿಂದ ಬಂದವನು. ಒಂಟಿ, ದುಂಡುಮುಖದ ನಗೆಗಾರ. ಊರಿನ ಮಕ್ಕಳಿಗೆ ತಾನು ಬರೆದು ಸವೆಸಿದ ಹಳೆಯ ಬಾತಿನ ಗರಿಗಳನ್ನು ಹಂಚುವವನು. ಅವನ ಕೋಣೆಯಲ್ಲಿ ಒಲೆಯಿರಲಿಲ್ಲ. ಗೋಡೆಯಾಚೆ ಮದ್ದಿನ ಪೀಪಾಯಿಗಳಿದ್ದುದರಿಂದ ಬೆಂಕಿಯ ಕಿಡಿಯೂ ಸುಳಿಯುವಂತಿರಲಿಲ್ಲ. ಹಾಗಾಗಿ ಚಳಿಗಾಲವಿಡೀ ಅವನ ಮಸಿಕುಡಿಕೆ ಹೆಪ್ಪುಗಟ್ಟುತ್ತಿತ್ತು. ಅದನ್ನು ಉಣ್ಣೆ ಬಟ್ಟೆಯಲ್ಲಿ ಸುತ್ತಿಕೊಂಡು ಬೆಳಗಾಗುತ್ತಲೇ ಕರಗಿಸಲು ಪೆರೀನಳ ರೊಟ್ಟಿ ಒಲೆಗೆ ಬರುತ್ತಿದ್ದ.

ಇವತ್ತು ಬೆಳಿಗ್ಗೆಯೂ ಬಂದಿದ್ದ. ಎದೆಗೆ ಬಟ್ಟೆಯ ಗಂಟು ಅವುಚಿಕೊಂಡು ಬಾಗಿಲಲ್ಲೇ ನಗೆ ಹಾರಿಸಿದ್ದ. “ಪೆರೀನಮ್ಮ, ನನ್ನ ಬಾತು ಮಂಜಿನಲ್ಲಿ ಸಿಕ್ಕಿಹಾಕ್ಕೊಂಡಿದೆ! ನಿನ್ನೆ ರಾತ್ರಿ ಗರಿ ಕುಡಿಕೆಯಲ್ಲೇ ಮರೆತೆ. ಕಪ್ತಾನರು ಬಂದು ಎಳೆದ್ರು ನೋಡು, ಗರಿ ನಡು ಮುರೀತೇ ಹೊರತು ಬಾತು ಬರ್ಲಿಲ್ಲ.”

ಪೆರೀನಳಿಗೆ ನಗು ಬಂದಿರಲಿಲ್ಲ. ಸೌದೆ ತರಲು ಹಿತ್ತಲಿಗೆ ಹೋಗಿದ್ದಳು, ಈಗ ಸೌದೆ ತರಲು ಅನ್ಸೆಲ್ಮನಿರಲಿಲ್ಲವಲ್ಲ. ಅವಳು ತಿರುಗಿ ಬರುವಷ್ಟರಲ್ಲಿ ಗುಮಾಸ್ತ ಬೀದಿಯಲ್ಲಿದ್ದ. “ಬಾತು ಬಿಡಿಸ್ಕೊಂಡಿತು, ಪೆರೀನಮ್ಮ! ನಿನ್ನ ಒಲೆ ನೂರು ವರ್ಷ ಉರೀಲಿ!”

ಈಗ ಅವನು ಉಣ್ಣೆಯ ಕೈಗವಸು ತೊಟ್ಟು ಮೇಜಿನಲ್ಲಿ ಎಲೆಗಳನ್ನು ಜೋಡಿಸುತ್ತಿದ್ದ.

“ಬಾ ಬಾ. ರೊಟ್ಟಿ ತಂದ್ಯಾ? ನಿನ್ನ ಬುಟ್ಟಿ ಕಂಡ್ರೆ ನನ್ನ ಹೊಟ್ಟೆ ಬಾಲ ಆಡಿಸುತ್ತೆ.”

“ರೊಟ್ಟಿ ತಂದಿಲ್ಲ, ಗುಮಾಸ್ತರೇ. ಮಾತು ತಂದಿದೀನಿ.”

“ಅದನ್ನ ಸುಡೋಕೆ ಸೌದೆ ಬೇಕಾಗಲ್ಲ. ಹೇಳು.”

ಅವಳು ಮದ್ದಿನ ಕೋಣೆಯ ಬಾಗಿಲಿಗೆ ಬೆನ್ನು ಮಾಡಿ ನಿಂತಳು. ಹಲಗೆಗಳ ನಡುವೆ ಬೆರಳಗಲದ ಸಂದಿಯಿತ್ತು. ಕಪ್ತಾನನ ಕಿವಿ ಅಲ್ಲಿಯೇ ಇರಬೇಕು.

“ಗಿಯಮೆತ್ ಐದು ಕಟ್ಟು ಕೊಟ್ಟಿದಾಳೆ. ನೀವು ನಾಲ್ಕು ಬರ್ಕೊಂಡಿದೀರಿ.”

ಗುಮಾಸ್ತನ ಕೈ ನಿಲ್ಲಲಿಲ್ಲ. ಒಂದು ಎಲೆಯ ಮೇಲೆ ಇನ್ನೊಂದನ್ನು ಅಚ್ಚುಕಟ್ಟಾಗಿ ಇಟ್ಟ.

“ಅವಳು ನನಗೆ ಒಂದು ಲೋಟ ಕೊಟ್ಟು ಎರಡು ಅಂತಾಳೆ, ಪೆರೀನಮ್ಮ.”

“ಹನ್ನೆರಡು ಹೂವಿನಮ್ಮನೂ ಹನ್ನೆರಡು ಪೆಟ್ಟಿಗೆಯಲ್ಲಿದಾರೆ. ನಾನೇ ಕೈಯಾರೆ ಮುಟ್ಟಿ ಬಂದೆ.”

“ಯಾರು ಯಾರು?”

“ಆಟಿನ್ ರಾಣಿ.”

“ಓ.” ಅವನು ಮೊದಲ ಬಾರಿಗೆ ತಲೆಯೆತ್ತಿದ. ಕಣ್ಣಲ್ಲಿ ನಿಜವಾದ ಕುತೂಹಲವಿತ್ತು. “ಹಿಟ್ಟಿನ ಪೆಟ್ಟಿಗೆಯಲ್ಲಾ? ಯಾಕೆ?”

ಗಿಯಮೆತ್ ಹೇಳಿದ್ದು ಪೆರೀನಳ ಕಿವಿಯಲ್ಲಿ ಮತ್ತೆ ಕೇಳಿಸಿತು. ಮನೆಯಲ್ಲಿ ಹೆಂಗಸಿಲ್ಲದವನು. ಇವನಿಗೆ ಗೊತ್ತೇ ಇಲ್ಲ. ಎರಡು ವರ್ಷದಿಂದ ಊರಿನ ರೊಟ್ಟಿ ತಿಂದರೂ ಊರಿನ ಹಿಟ್ಟಿನೊಳಗೆ ಏನಿದೆಯೆಂದು ಗೊತ್ತಿಲ್ಲ.

“ಹಡಗು ಬರೋತನಕ ಹಿಟ್ಟು ಕಾಯೋಕೆ. ಅವಳನ್ನ ಯಾರೂ ಖರ್ಚು ಮಾಡಲ್ಲ, ಗುಮಾಸ್ತರೇ. ಈ ಊರಲ್ಲಿ ಹುಟ್ಟಿದ ಕಳ್ಳನಾಗಿದ್ರೆ ಬೇರೆ ಎಲೆ ಕೊಡ್ತಿದ್ದ.”

ಗುಮಾಸ್ತ ಕೈಯಲ್ಲಿದ್ದ ಎಲೆಯನ್ನು ಕೆಳಗಿಟ್ಟ. ಅವನ ಉಸಿರು ಬಿಳಿ ಮೋಡವಾಗಿ ಮೇಜಿನ ಮೇಲೆ ತೇಲಿತು. ಪೆರೀನಳದೂ. ಆ ಕೋಣೆಯಲ್ಲಿ ಯಾರೂ ಉಸಿರು ಮುಚ್ಚಿಡುವಂತಿರಲಿಲ್ಲ.

“ಜಾಣೆ ಕಣಮ್ಮ ನೀನು,” ಎಂದ ಮೆಲ್ಲಗೆ. “ರೊಟ್ಟಿ ಸುಡ್ತಾ ಸುಮ್ಮನೆ ಸವೆದು ಹೋದೆ. ನನ್ನಿಂದ ಏನಾಗ್ಬೇಕು?”

“ಕಟ್ಟು ವಾಪಸ್ ಕೊಡಿ. ಹಿಮದಲ್ಲಿ ಸಿಕ್ತು ಅಂತ ನಾನೇ ಹೇಳ್ತೀನಿ. ನನಗೆ ನಿಮ್ಮ ಮೇಲೆ ಹಗೆ ಇಲ್ಲ. ನನ್ನ ತಮ್ಮ ಮನೆಗೆ ಬಂದ್ರೆ ಸಾಕು.”

ಅವನ ಬಾಯಿ ತೆರೆಯಿತು. ಇನ್ನೊಂದು ಮಾತು, ಒಂದೇ ಒಂದು ಮಾತು.

ಆದರೆ ಅವನ ಕಣ್ಣು ಅವಳ ಭುಜದಾಚೆ ನೆಟ್ಟಿತು. ಅಲ್ಲೇ ನಿಂತಿತು. ನಂತರ ಅವನು ನಕ್ಕ. ಮಕ್ಕಳಿಗೆ ಗರಿ ಹಂಚುವಾಗಿನ ಅದೇ ದುಂಡು ನಗೆ. ದನಿ ಏರಿಸಿ, ಪ್ರಾರ್ಥನೆ ಓದುವವನಂತೆ ಬಿಡಿಬಿಡಿಯಾಗಿ ಹೇಳಿದ:

“ಅಯ್ಯೋ ಪೆರೀನಮ್ಮ, ಇದನ್ನ ಹೇಳಬಾರ್ದು ಅಂತಿದ್ದೆ. ನೀನೇ ಬಾಯಿ ಬಿಡಿಸ್ತಿದೀಯ. ಗಿಯಮೆತ್ ಐದು ಕೊಟ್ಟಿರಬಹುದು. ನನ್ನ ಕೈಗೆ ಬಂದಿದ್ದು ನಾಲ್ಕು. ಹೆಂಡದಂಗಡಿಯಿಂದ ಇಲ್ಲಿಗೆ ಕಟ್ಟುಗಳನ್ನ ಹೊತ್ತು ತಂದೋರು ಯಾರು, ಕೇಳಿದ್ಯಾ?”

ಪೆರೀನ್ ಹಿಂದಕ್ಕೆ ತಿರುಗಿದಳು. ಮದ್ದಿನ ಕೋಣೆಯ ಹಲಗೆ ಸಂದಿಯಿಂದ ಬಿಳಿಯ ಉಸಿರೊಂದು ಎಳೆಎಳೆಯಾಗಿ ಹೊರಬರುತ್ತಿತ್ತು. ಅವಳು ಒಡ್ಡಿದ ಬಲೆ ತಾನೇ ಬಾಯಿ ತೆರೆದು ಹೊಗೆಯಾಡುತ್ತಿತ್ತು.

“ಯಾರು?” ಅದು ಅವಳ ದನಿಯಾಗಿರಲಿಲ್ಲ. ಬಾಗಿಲು ತೆರೆದು ಕಪ್ತಾನ ಒಳಗೆ ಬಂದಿದ್ದ.

ಗುಮಾಸ್ತ ಧಡಕ್ಕನೆ ಎದ್ದು ನಿಂತ, ಬೆಚ್ಚಿದವನಂತೆ. “ಕಪ್ತಾನರೇ! ನೀವಿಲ್ಲಿ... ಅನ್ಸೆಲ್ಮ್, ಸ್ವಾಮಿ. ಡಂಗುರದ ದಿನ ಹೊರೋಕೆ ಹಾಕಿದ್ದು ಅವನನ್ನೇ. ಪಾಪ, ಹುಡುಗ ಅಂತ ನಾನು ಇಷ್ಟು ದಿನ...”

“ಅವನು ಐದೂ ತಂದು ಕೊಟ್ಟಿದಾನೆ!” ಪೆರೀನ್ ಕೂಗಿದಳು. “ಕೇಳಿ ನೋಡಿ ಅವನನ್ನ!”

“ಹಿಮದಲ್ಲಿ ಸಿಕ್ತು ಅಂದೋನನ್ನಾ?” ಎಂದ ಕಪ್ತಾನ. ಅವನ ಮುಖದಲ್ಲಿ ಕೋಪಕ್ಕಿಂತ ದಣಿವೇ ಹೆಚ್ಚಿತ್ತು. “ಹದಿಮೂರನೇ ಕಟ್ಟು ಇದೆ ಅಂತ ನೀನೇ ತೋರಿಸಿಕೊಟ್ಟೆ, ಪೆರೀನ್. ಅದು ಯಾರ ಕೈ ದಾಟಿತು ಅನ್ನೋದೂ ಈಗ ಗೊತ್ತಾಯ್ತು. ಹಿಮದಲ್ಲಿ ಸಿಕ್ತು ಅಂತ ಹೇಳ್ತೀನಿ ಅಂದ್ಯಲ್ಲ ಈಗ. ಅಕ್ಕ ತಮ್ಮ ಇಬ್ಬರ ಬಾಯಲ್ಲೂ ಅದೇ ಹಿಮ.”

ಹನ್ನೆರಡು ಪೆಟ್ಟಿಗೆಗಳಿಗೆ ಕೈ ಹಾಕಿ ಅವಳು ಹೆಕ್ಕಿ ತಂದದ್ದು ತಮ್ಮನ ಹಗ್ಗಕ್ಕೆ ಹೊಸ ಎಳೆಗಳನ್ನು.

“ಇವಳ ಒಲೆಮನೆ ಹುಡುಕಬೇಕು,” ಎಂದ ಕಪ್ತಾನ. “ಅಪ್ಪಣೆ ಬರಿ, ತರ್ದಿಫ್.”

ಗುಮಾಸ್ತ ಹೊಸ ಗರಿಯೊಂದನ್ನು ತೆಗೆದುಕೊಂಡ. ಮೇಜಿನ ಮೂಲೆಯಲ್ಲಿದ್ದ ಉಣ್ಣೆ ಬಟ್ಟೆಯನ್ನು ಅರ್ಧ ಸರಿಸಿ ಅದ್ದಿದ. ಟಕ್ ಎಂದಿತು.

“ಹೆಪ್ಪುಗಟ್ಟಿದೆ, ಸ್ವಾಮಿ.”

“ಮತ್ತೆ?”

“ಈ ಚಳಿಗೆ ಏನು ಮಾಡೋದು.” ಬಟ್ಟೆಯನ್ನು ತಿರುಗಿ ಮುಚ್ಚಿದ.

“ಬಿಡು. ಬಾಯಿಮಾತೇ ಸಾಕು. ನೀನೂ ಬಾ, ಎಲೆ ಗುರುತಿಸೋಕೆ. ಇವಳು ನಾವು ಬರೋವರೆಗೆ ಇಲ್ಲೇ ಇರಲಿ.”

ಬಾಗಿಲು ಮುಚ್ಚಿತು. ಹೊರಗಿನಿಂದ ಅಗುಳಿ ಬಿತ್ತು. ಮದ್ದಿನ ಕೋಣೆಯ ಆಚೆ ಬಾಗಿಲಿಗೂ ಬೀಗ ತಿರುಗಿದ್ದು ಕೇಳಿಸಿತು.

*

ಹುಡುಕಲಿ, ಎಂದುಕೊಂಡಳು ಪೆರೀನ್. ಒಲೆಮನೆಯಲ್ಲಿ ಏನಿದೆ? ನಾದುವ ಮರಿಗೆ, ಬೂದಿ, ಅಟ್ಟದಲ್ಲಿ ಒಣಗಲು ಹಾಕಿದ ತಮ್ಮನ ಮೇಲಂಗಿ. ಏನೂ ಸಿಗುವುದಿಲ್ಲ. ಸಿಗದೆ ಹೋದರೆ ಕಪ್ತಾನನಿಗೆ ಅನುಮಾನ ಹುಟ್ಟಬಹುದು.

ಗೋಡೆಯಲ್ಲಿ ಬಂದೂಕು ತೂರಿಸುವಷ್ಟೇ ಅಗಲದ ಸೀಳು ಕಿಟಕಿಯಿತ್ತು. ಅದರ ನೇರ ಕೆಳಗೆ ಬಂಡೆಯೂ ನದಿಯೂ; ಓರೆಯಾಗಿ ನೋಡಿದಾಗ ಒಲೆಮನೆಯ ದಾರಿ ಕಂಡಿತು. ಕಪ್ತಾನ, ನಾಲ್ವರು ಸಿಪಾಯಿಗಳು, ಎಲ್ಲರಿಗಿಂತ ಮುಂದೆ ಗುಮಾಸ್ತ. ಅಷ್ಟೇಕೆ ಅವಸರ ಅವನಿಗೆ? ದುಂಡನೆಯ ಮೈ ಹೊತ್ತು ಹಿಮದಲ್ಲಿ ಕಾಲು ಹೂತರೂ ಲೆಕ್ಕಿಸದೆ, ಮದುವೆಗೆ ಹೊರಟವನಂತೆ ನಡೆಯುತ್ತಿದ್ದ.

ಅವಳು ಮೇಜಿಗೆ ತಿರುಗಿದಳು. ಕೈ ಬೆಚ್ಚಗಾಗಲೆಂದು ಉಣ್ಣೆ ಬಟ್ಟೆಯನ್ನು ಎಳೆದುಕೊಂಡಳು.

ಮಸಿಕುಡಿಕೆ ಅಲ್ಲಿತ್ತು. ಕಪ್ಪು ಮಂಜುಗಡ್ಡೆ ಬಾಯಿತನಕ ತುಂಬಿತ್ತು. ಅದರ ನಟ್ಟನಡುವೆ ಒಂದು ಗರಿ ನೆಟ್ಟಗೆ ನಿಂತಿತ್ತು. ನಡು ಮುರಿದು, ತುದಿ ಜೋತು ಬಿದ್ದ ಬಾತಿನ ಗರಿ.

ಪೆರೀನ್ ಅದನ್ನು ಎರಡು ಬೆರಳಲ್ಲಿ ಹಿಡಿದು ಎತ್ತಿದಳು. ಗರಿಯ ಜೊತೆ ಇಡೀ ಕುಡಿಕೆ ಮೇಲೆದ್ದು ಬಂತು.

ಬಾತು ಬಿಡಿಸಿಕೊಂಡಿತು, ಪೆರೀನಮ್ಮ.

ಬಿಡಿಸಿಕೊಂಡಿರಲಿಲ್ಲ. ಕಪ್ತಾನನೇ ಎಳೆದು ಮುರಿದ ಗರಿ, ಮುರಿದ ಜಾಗದಲ್ಲೇ ಇತ್ತು. ಈ ಕುಡಿಕೆ ಇವತ್ತು ಅವಳ ಒಲೆಯ ಹತ್ತಿರಕ್ಕೂ ಬಂದಿಲ್ಲ. ಹಾಗಾದರೆ ಬೆಳಿಗ್ಗೆ ಅವನು ಎದೆಗೆ ಅವುಚಿಕೊಂಡು ತಂದ ಬಟ್ಟೆಯ ಗಂಟಿನಲ್ಲಿ ಏನಿತ್ತು? ಅವಳು ಸೌದೆಗೆ ಹೋಗಿದ್ದಾಗ ಅದನ್ನು ಎಲ್ಲಿ ಇಟ್ಟು ಹೋದ?

ಅಟ್ಟ. ತಮ್ಮನ ಮೇಲಂಗಿ. ಅದರ ಜೇಬಿನಲ್ಲಿ ಹದಿಮೂರನೆಯ ಕಟ್ಟು.

“ಕಪ್ತಾನರೇ!” ಅವಳು ಸೀಳಿಗೆ ಬಾಯಿಟ್ಟು ಕಿರುಚಿದಳು. ಗಾಳಿ ಅವಳ ಕೂಗನ್ನು ಹಿಡಿದು ಅವಳ ಬಾಯಿಗೇ ತುರುಕಿತು. ಬಾಗಿಲು ಬಡಿದಳು.

“ಸುಮ್ನಿರಕ್ಕ,” ಹೊರಗಿನಿಂದ ಕಾವಲಿನವನ ಬೇಸರದ ದನಿ. “ಬಡಿದ್ರೆ ಬಾಗ್ಲು ನೋಯಲ್ಲ, ಕೈ ನೋಯುತ್ತೆ.”

“ಕಪ್ತಾನರನ್ನ ಕರಿಯಪ್ಪಾ! ಒಂದು ಮಸಿಕುಡಿಕೆ ತೋರಿಸ್ಬೇಕು!”

“ಮಸಿಕುಡಿಕೆನಾ?” ಅವನು ನಕ್ಕ. “ಮೊದ್ಲು ಬರೆಯೋದು ಕಲಿ.”

ಅವಳು ಕುಡಿಕೆಯನ್ನು ಎರಡೂ ಅಂಗೈಯಲ್ಲಿ ಹಿಡಿದಳು. ಮರುಕ್ಷಣವೇ ಬೆಂಕಿ ಮುಟ್ಟಿದವಳಂತೆ ಕೈ ಬಿಡಿಸಿ, ಗರಿಯನ್ನಷ್ಟೇ ಹಿಡಿದು ಕುಡಿಕೆಯನ್ನು ತೂಗುಬಿಟ್ಟಳು. ಇದು ಕರಗಬಾರದು. ಕಪ್ತಾನನ ಕಣ್ಣೆದುರು, ಅವನೇ ಮುರಿದ ಗರಿ ಗಟ್ಟಿಯಾಗಿ ನಿಂತಿರಬೇಕು. ಕರಗಿದರೆ ಬರೀ ಮಸಿ. ಅಂಗಿಯೊಳಗೆ ಬಚ್ಚಿಟ್ಟರೆ ಅವಳ ಮೈಯ ಬಿಸಿಯೇ ಸಾಕ್ಷಿಯನ್ನು ಕೊಲ್ಲುತ್ತದೆ. ಮೇಜಿನ ಮೇಲೆ ಬಿಟ್ಟರೆ ಅವನು ಕೊಲ್ಲುತ್ತಾನೆ.

ಅಜ್ಜಿ ಒಂದು ಕಥೆ ಹೇಳುತ್ತಿದ್ದಳು. ಮಲತಾಯಿ ಹುಡುಗಿಯ ಅಂಗೈಗೆ ಒಂದು ಮಂಜಿನ ಹರಳು ಕೊಟ್ಟು, ಕರಗಿಸದೆ ಏಳು ಊರು ದಾಟಿಸಿದರೆ ಅಣ್ಣನನ್ನು ಬಿಡುತ್ತೇನೆ ಅನ್ನುತ್ತಾಳೆ. ಹೇಗೆ ದಾಟಿಸಿದಳು ಅಜ್ಜಿ, ಎಂದು ಪೆರೀನ್ ಪ್ರತಿ ಸಲವೂ ಕೇಳುತ್ತಿದ್ದಳು. ಅಷ್ಟರಲ್ಲಿ ಅಜ್ಜಿಗೆ ನಿದ್ದೆ ಹತ್ತಿರುತ್ತಿತ್ತು.

ಹಿಮದ ಮೇಲೆ ಕರಕರ ಸದ್ದು. ಯಾರೋ ಓಡಿ ಬರುತ್ತಿದ್ದರು. ಒಬ್ಬರೇ.

“ಏನ್ ಗುಮಾಸ್ತರೇ, ವಾಪಸ್ ಬಂದ್ರಿ?” ಕಾವಲಿನವನು ಕೇಳಿದ.

ಏದುಸಿರು. “ಕುಡಿಕೆ ಮರೆತೆನಪ್ಪ. ಕಪ್ತಾನರಿಗೆ ಬರೆದೇ ಕೊಡಬೇಕಂತೆ. ತೆಗಿ ಬೇಗ. ಆಮೇಲೆ ನೀನು ಹೋಗಿ ಒಂದು ಗುಟುಕು ಬಿಸಿ ಕುಡ್ಕೊಂಡು ಬಾ, ಇವಳನ್ನ ನಾನು ನೋಡ್ಕೋತೀನಿ.”

“ದೇವರು ನಿಮ್ಮನ್ನ ಚೆನ್ನಾಗಿಟ್ಟಿರ್ಲಿ, ಗುಮಾಸ್ತರೇ.”

ಪೆರೀನ್ ಸೀಳು ಕಿಟಕಿಗೆ ಓಡಿದಳು. ತೋಳನ್ನು ಭುಜದವರೆಗೆ ಹೊರಗೆ ತೂರಿಸಿದಳು. ಮುರಿದ ಗರಿಯ ಬುಡ ಅವಳ ಎರಡು ಬೆರಳ ನಡುವೆ, ಅದರ ತುದಿಗೆ ಕುಡಿಕೆ, ಕುಡಿಕೆಯ ಕೆಳಗೆ ಬಂಡೆ, ಬಂಡೆಯ ಕೆಳಗೆ ಕಲ್ಲಾದ ನದಿ. ಗಾಳಿ ಬೆರಳುಗಳನ್ನು ಒಂದೊಂದಾಗಿ ತಿನ್ನತೊಡಗಿತು. ಕಿರುಬೆರಳು ಇದೆಯೋ ಇಲ್ಲವೋ ಈಗಾಗಲೇ ಗೊತ್ತಾಗುತ್ತಿರಲಿಲ್ಲ.

ಅಗುಳಿ ಸರಿಯಿತು. ಬಾಗಿಲು ತೆರೆದು ಮುಚ್ಚಿತು. ಈ ಸಲ ಒಳಗಿನಿಂದ ಅಗುಳಿ ಬಿತ್ತು.

ಕ್ಲೋವಿಸ್ ತರ್ದಿಫ್ ಬರಿದಾದ ಮೇಜಿನ ಮೂಲೆಯನ್ನು ನೋಡಿದ. ನೆಲದ ಮೇಲೆ ಬಿದ್ದಿದ್ದ ಉಣ್ಣೆ ಬಟ್ಟೆಯನ್ನು ನೋಡಿದ. ಗೋಡೆಗೆ ಒತ್ತಿ ನಿಂತ ಪೆರೀನಳನ್ನೂ, ಸೀಳಿನಲ್ಲಿ ಮಾಯವಾಗಿದ್ದ ಅವಳ ತೋಳನ್ನೂ ನೋಡಿದ. ಕೈಗವಸುಗಳನ್ನು ನಿಧಾನವಾಗಿ ಕಳಚಿ ಮೇಜಿನ ಮೇಲಿಟ್ಟ.

ದೂರದಲ್ಲಿ, ಒಲೆಮನೆಯ ಕಡೆಯಿಂದ, ಏನೋ ಸಿಕ್ಕಿತೆಂದು ಸಿಪಾಯಿಯೊಬ್ಬ ಕೂಗಿದ.

“ಕೇಳಿಸ್ತಾ?” ಎಂದ ಗುಮಾಸ್ತ, ಒಂದು ಹೆಜ್ಜೆ ಮುಂದಿಡುತ್ತ. “ಇನ್ನು ಹಟ ಯಾಕೆ, ಪೆರೀನಮ್ಮ. ನನ್ನ ಬಾತು ಕೊಡು.”